ತಾಳ ಮತ್ತೆ ತಪ್ಪುತ್ತದಾ? ರಕ್ತದಲ್ಲಿ ಸಿಗುವ ಸುಳಿವುಗಳು

(ಒಂದು ಭಾನುವಾರ ಸಂಜೆ ಹೃದ್ರೋಗಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಬಲಗೈ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಹತ್ತಿರ, ಎಡಗೈಯ ಮೂರು ಬೆರಳು ಇಡಿ. ನಾಡಿ ಸಿಕ್ಕಿತಾ? ಅರ್ಧ ನಿಮಿಷ ಸುಮ್ನೆ ಗಮನಿಸಿ. ಹೆಚ್ಚಿನವರಿಗೆ ಒಂದೇ ಅಂತರದಲ್ಲಿ ಬಡಿಯುತ್ತಿರುತ್ತದೆ. ಮುಂದಿನ ಬಡಿತ ಯಾವಾಗ ಬರುತ್ತದೆ ಎಂದು ಬೆರಳಿಗೆ ಮೊದಲೇ ಗೊತ್ತಾಗುತ್ತದೆ, ಅಲ್ವಾ?

ಏಟ್ರಿಯಲ್ ಫಿಬ್ರಿಲೇಷನ್ ಇರುವವರ ನಾಡಿ ಹೀಗಿರುವುದಿಲ್ಲ. ಒಂದು ಬಡಿತ ಬೇಗ, ಇನ್ನೊಂದು ತಡ, ಒಂದು ಜೋರು, ಇನ್ನೊಂದು ಮೆಲ್ಲಗೆ. ಶೀಟಿನ ಮಾಡಿನ ಮೇಲೆ ಮಳೆ ಶುರುವಾಗುವಾಗ ಹನಿ ಬೀಳುವ ಹಾಗೆ. ಅದರಲ್ಲಿ ಲೆಕ್ಕ ಹಿಡಿಯಲು ಆಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ಬಳಿ ಒಬ್ಬರು ಬಂದಿದ್ದರು. ಐವತ್ತೆಂಟು ವರ್ಷ, ಅಡಿಕೆ ತೋಟದವರು. ಅವರಿಗೆ ಈ ತೊಂದರೆ ಇತ್ತು. ಮುಂದಿನ ತಿಂಗಳು ಅಬ್ಲೇಷನ್ ಎಂಬ ಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಕೈಯಲ್ಲಿ ಒಂದು ಲ್ಯಾಬ್ ರಿಪೋರ್ಟ್. ಎನ್‌ಟಿ-ಪ್ರೊಬಿಎನ್‌ಪಿ ಎಂಬ ಪರೀಕ್ಷೆ. ಇರಬೇಕಾದ್ದು 125ರ ಒಳಗೆ ಎಂದು ಪಕ್ಕದಲ್ಲಿ ಅಚ್ಚಾಗಿತ್ತು. ಅವರದ್ದು 940. ಆ ಅಂಕಿಗೆ ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. "ಇಷ್ಟಿದ್ರೆ ಚಿಕಿತ್ಸೆ ಮಾಡ್ಸಿದ್ರೂ ಮತ್ತೆ ಬಂದೇ ಬರುತ್ತಂತೆ ಸಾರ್. ಹಂಗಾದ್ರೆ ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ಲಿ?" ಎಂದು ಕೇಳಿದರು. ಅವರ ಮಗಳು ಪಕ್ಕದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಎಂದುಕೊಳ್ಳಿ. ರಕ್ತದಲ್ಲಿ ಸಿಗುವ ಸುಳಿವು ನೋಡಿ, ಚಿಕಿತ್ಸೆಯ ಮೇಲೂ ತಾಳ ಮತ್ತೆ ತಪ್ಪುತ್ತದೆ ಎಂದು ಮೊದಲೇ ಹೇಳಬಹುದಾ? ಸ್ವಲ್ಪ ಮಟ್ಟಿಗೆ ಹೇಳಬಹುದು. ಆ ಸ್ವಲ್ಪ ಎಷ್ಟು, ಅದನ್ನು ಹೇಗೆ ಬಳಸಬೇಕು ಎನ್ನುವುದನ್ನು ನಿಧಾನವಾಗಿ ನೋಡೋಣ.

ಹೃದಯಕ್ಕೆ ನಾಲ್ಕು ಕೋಣೆ. ಮೇಲೆ ಎರಡು, ಕೆಳಗೆ ಎರಡು. ಮೇಲಿನ ಬಲಗಡೆಯ ಕೋಣೆಯಲ್ಲಿ ಒಂದು ಸಣ್ಣ ಜಾಗದಿಂದ ವಿದ್ಯುತ್ ಅಲೆ ಹೊರಟು ಇಡೀ ಹೃದಯಕ್ಕೆ ತಾಳ ಹಾಕುತ್ತದೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಮೇಲಿನ ಕೋಣೆಗಳು ಒಟ್ಟಾಗಿ ಹಿಂಡುವುದನ್ನು ಬಿಟ್ಟು ಬರೀ ನಡುಗುತ್ತವೆ. ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ. ಅಷ್ಟೂ ಕೆಳಗೆ ಇಳಿದರೆ ಬದುಕು ಕಷ್ಟ. ಪುಣ್ಯಕ್ಕೆ ನಡುವೆ ಒಂದು ಬಾಗಿಲು ಇದೆ. ಅದು ಕೆಲವನ್ನು ಮಾತ್ರ ಬಿಡುತ್ತದೆ, ಅದೂ ಹೊತ್ತು ಗೊತ್ತು ಇಲ್ಲದೆ. ಹಾಗಾಗಿ ನಾಡಿ ಏರುಪೇರು. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಈ ರೋಗಕ್ಕೆ ನಾವು ಹೆದರುವುದು ಮುಖ್ಯವಾಗಿ ಇದಕ್ಕೇ.

ಮಾತ್ರೆ ಬಿಟ್ಟರೆ, ಚಿಕಿತ್ಸೆ ಎರಡು ಬಗೆ ಎನ್ನಬಹುದು. ಒಂದು, ಎದೆಗೆ ಕ್ಷಣಮಾತ್ರ ಶಾಕ್ ಕೊಟ್ಟು ತಾಳ ಸರಿ ಮಾಡುವುದು. 1962ರಲ್ಲಿ ಅಮೆರಿಕದ ಬರ್ನಾರ್ಡ್ ಲೌನ್ ಅದರ ಸುರಕ್ಷಿತ ವಿಧಾನವನ್ನು ಪ್ರಕಟಿಸಿದರು. ಇನ್ನೊಂದು ಅಬ್ಲೇಷನ್. ಅದಕ್ಕೆ ಬುನಾದಿ ಬಿದ್ದದ್ದು 1998ರಲ್ಲಿ, ಫ್ರಾನ್ಸಿನ ಬೋರ್ಡೊ ನಗರದಲ್ಲಿ. ಮಿಶೆಲ್ ಹೈಸಗೇರ್ ಮತ್ತು ಜೊತೆಗಾರರು 45 ರೋಗಿಗಳ ಹೃದಯದೊಳಗೆ ತಂತಿ ಇಟ್ಟು ಹುಡುಕಿದರು, ಈ ಗಲಾಟೆ ಶುರುವಾಗುವುದು ಎಲ್ಲಿಂದ ಎಂದು. 69 ಜಾಗ ಸಿಕ್ಕವು. ಅವುಗಳಲ್ಲಿ ನೂರಕ್ಕೆ 94 ಇದ್ದದ್ದು ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ರಕ್ತ ತರುವ ರಕ್ತನಾಳಗಳ ಒಳಗೆ. ಕೋಣೆಯ ಬಾಗಿಲಲ್ಲೇ ಕಿಡಿ! ಅಂದಿನಿಂದ ಆ ರಕ್ತನಾಳಗಳ ಬಾಯಿಯ ಸುತ್ತ ಸುಟ್ಟೋ, ತಂಪಿನಲ್ಲಿ ಹೆಪ್ಪುಗಟ್ಟಿಸಿಯೋ ಒಂದು ಬೇಲಿ ಹಾಕುತ್ತೇವೆ. ಕಿಡಿ ಒಳಗೆ ಬರಬಾರದು ಎಂದು.

ಆದರೂ ಕೆಲವರಲ್ಲಿ ಮತ್ತೆ ಬರುತ್ತದೆ. ಎಷ್ಟು ಜನರಲ್ಲಿ? 2016ರಲ್ಲಿ ಯೂರೋಪಿನಲ್ಲಿ ಸುಡುವುದು ಮತ್ತು ತಂಪುಗಟ್ಟಿಸುವುದು ಎರಡನ್ನೂ ಹೋಲಿಸಿದರು. ಎರಡರಲ್ಲೂ ನೂರಕ್ಕೆ ಸುಮಾರು 35 ಮಂದಿಯಲ್ಲಿ ಒಂದು ವರ್ಷದೊಳಗೆ ಫಲ ಪೂರ್ತಿ ಸಿಗಲಿಲ್ಲ. 2021ರಲ್ಲಿ ಕೆನಡಾದವರು 303 ಜನರ ಎದೆಯ ಚರ್ಮದಡಿ ಸಣ್ಣ ಯಂತ್ರ ಇಟ್ಟು ಹಗಲೂ ರಾತ್ರಿ ತಾಳ ಗಮನಿಸಿದರು. ಆಗ ಅಬ್ಲೇಷನ್ ಆದವರಲ್ಲಿ ನೂರಕ್ಕೆ 43 ಮಂದಿಗೆ, ಬರೀ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 68 ಮಂದಿಗೆ ಮತ್ತೆ ಕಂಡಿತು. ಇಲ್ಲೊಂದು ಮಾತು ನೆನಪಿಡಿ. ವೈದ್ಯರ ಲೆಕ್ಕದಲ್ಲಿ 30 ಸೆಕೆಂಡು ತಾಳ ತಪ್ಪಿದರೂ ಅದು "ಮರಳಿ ಬಂತು" ಎಂದೇ ದಾಖಲಾಗುತ್ತದೆ. ತಿಂಗಳಿಗೆ ಹತ್ತು ದಿನ ಒದ್ದಾಡುತ್ತಿದ್ದವರಿಗೆ ಈಗ ವರ್ಷಕ್ಕೆ ಎರಡು ನಿಮಿಷ ಬಂದರೆ ಅವರ ಪಾಲಿಗೆ ಅದು ದೊಡ್ಡ ಗೆಲುವು. ಪಟ್ಟಿಯಲ್ಲಿ ಮಾತ್ರ ಸೋಲು. ಮುನ್ಸೂಚನೆಯ ಅಂಕಿಗಳನ್ನು ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಯಾಕೆ ಮರಳಿ ಬರುತ್ತದೆ? ಕೆಲವೊಮ್ಮೆ ಬೇಲಿಯಲ್ಲೇ ಕಿಂಡಿ ಬಿದ್ದಿರುತ್ತದೆ. ಅದಕ್ಕೆ ರಕ್ತಪರೀಕ್ಷೆ ಏನೂ ಹೇಳಲಾರದು, ಮತ್ತೆ ಒಳಗೆ ತಂತಿ ಇಟ್ಟೇ ನೋಡಬೇಕು. ಆದರೆ ಇನ್ನೊಂದು ಕಾರಣ ಇದೆ. ಗದ್ದೆಯಲ್ಲಿ ಕಳೆ ಕೀಳುವವರಿಗೆ ಇದು ಚೆನ್ನಾಗಿ ಗೊತ್ತು. ಎರಡು ಗದ್ದೆಯಲ್ಲಿ ಒಂದೇ ದಿನ, ಒಂದೇ ಆಳು ಕಳೆ ಕಿತ್ತರೂ ಒಂದರಲ್ಲಿ ಬೇಗ ಮರಳಿ ಹುಟ್ಟುತ್ತದೆ. ಬೀಜ ಒಂದೇ, ಮಣ್ಣು ಬೇರೆ. ಹೃದಯದ ಮೇಲಿನ ಕೋಣೆಯೂ ಹಾಗೇ. ಅದು ಹಿಗ್ಗಿದ್ದರೆ, ಉರಿಯೂತದಲ್ಲಿದ್ದರೆ, ಒಳಗೆ ನಾರುಗಟ್ಟಿದ್ದರೆ, ಸಣ್ಣ ಕಿಡಿಯೂ ಹತ್ತಿಕೊಳ್ಳುತ್ತದೆ.

ಈ ರೋಗವೇ ಆ ಮಣ್ಣನ್ನು ಕೆಡಿಸುತ್ತದೆ ಎನ್ನುವುದನ್ನು ತೋರಿಸಿಕೊಟ್ಟದ್ದು ಆಡುಗಳು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಮಾರಿಟ್ಸ್ ವೈಫೆಲ್ಸ್, ಮೌರಿಟ್ಸ್ ಅಲೆಸ್ಸಿ ಮತ್ತು ಸಂಗಡಿಗರು ಆಡುಗಳ ಹೃದಯದಲ್ಲಿ ಯಂತ್ರದಿಂದ ಈ ನಡುಕ ಎಬ್ಬಿಸಿದರು. 1995ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಮೊದಲು ಎಬ್ಬಿಸಿದ ನಡುಕ ಕೆಲವು ಸೆಕೆಂಡಿನಲ್ಲಿ ತಾನೇ ನಿಲ್ಲುತ್ತಿತ್ತು. ಯಂತ್ರ ಬಿಡದೆ ಎಬ್ಬಿಸುತ್ತಾ ಹೋದ ಹಾಗೆ ನಡುಕ ಉದ್ದವಾಯಿತು. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬಹುತೇಕ ಆಡುಗಳಲ್ಲಿ ಅದು ದಿನಕ್ಕೂ ಮೀರಿ ನಿಂತಿತು. ಕಂಪನವೇ ಕಂಪನವನ್ನು ಹೆರುತ್ತದೆ ಎಂಬ ಮಾತು ಅಲ್ಲಿಂದ ಬಂತು. ತಡ ಮಾಡಬೇಡಿ ಎಂದು ನಾವು ಗೋಗರೆಯುವುದು ಇದಕ್ಕೇ.

ಸರಿ, ಮೇಲ್ಕೋಣೆಯ ಮಣ್ಣು ಪರೀಕ್ಷೆ ಮಾಡುವುದು ಹೇಗೆ? ಕೊಯ್ದು ತುಂಡು ತೆಗೆಯಲು ಆಗುವುದಿಲ್ಲವಲ್ಲ. ಆ ಕೋಣೆ ತನ್ನ ಸ್ಥಿತಿಯನ್ನು ರಕ್ತಕ್ಕೆ ಏನಾದರೂ ಹೇಳುತ್ತದಾ ಎಂದು ನೋಡಬೇಕು. ಹೇಳುತ್ತದೆ. ಅದು ಗೊತ್ತಾದ ಕಥೆ ನನಗೆ ಬಹಳ ಇಷ್ಟ.

ಕೆನಡಾದ ಕಿಂಗ್‌ಸ್ಟನ್ ಊರಿನಲ್ಲಿ ಅಡಾಲ್ಫೋ ಡಿ ಬೋಲ್ಡ್ ಎಂಬ ವಿಜ್ಞಾನಿ ಇದ್ದರು, ಅರ್ಜೆಂಟೀನಾದಿಂದ ಬಂದವರು. ಹೃದಯದ ಮೇಲಿನ ಕೋಣೆಗಳ ಸ್ನಾಯುವಿನಲ್ಲಿ ಸಣ್ಣ ಸಣ್ಣ ಕಾಳುಗಳಿವೆ, ಕೆಳಗಿನ ಕೋಣೆಗಳಲ್ಲಿ ಅಂಥವು ಕಾಣುವುದಿಲ್ಲ ಎನ್ನುವುದು ಆಗಲೇ ತಿಳಿದಿತ್ತು. ಅವು ಯಾಕಿವೆ ಎಂದು ತಿಳಿದಿರಲಿಲ್ಲ. ಡಿ ಬೋಲ್ಡ್ ಇಲಿಗಳ ಮೇಲ್ಕೋಣೆಯನ್ನು ಅರೆದು, ಅದರ ರಸವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಇಲಿಗಳ ಮೂತ್ರ ಹತ್ತು ಪಟ್ಟು ಏರಿತು. ಮೂತ್ರದಲ್ಲಿ ಹೋಗುವ ಉಪ್ಪು ಸುಮಾರು ಮೂವತ್ತು ಪಟ್ಟು! ಇದು 1981ರಲ್ಲಿ ಪ್ರಕಟವಾಯಿತು. ಹೃದಯ ಬರೀ ಪಂಪು ಎಂದುಕೊಂಡಿದ್ದೆವು, ಅದು ಹಾರ್ಮೋನನ್ನೂ ಸುರಿಸುತ್ತದೆ ಎಂದು ಆವತ್ತು ಗೊತ್ತಾಯಿತು. ಕೋಣೆ ತುಂಬಿ ಹಿಗ್ಗಿದಾಗ ಹೃದಯ ಮೂತ್ರಪಿಂಡಕ್ಕೆ ಹೇಳಿ ಕಳಿಸುತ್ತದೆ: ನನಗೆ ಭಾರ ಜಾಸ್ತಿ ಆಯ್ತು, ಸ್ವಲ್ಪ ಉಪ್ಪು ನೀರು ಹೊರಗೆ ಬಿಡು. ಆ ಹಾರ್ಮೋನಿಗೆ ಎಎನ್‌ಪಿ ಎಂದು ಹೆಸರು.

1988ರಲ್ಲಿ ಜಪಾನಿನವರು ಹಂದಿಯ ಮೆದುಳಿನಲ್ಲಿ ಅದರ ತಮ್ಮನನ್ನು ಕಂಡರು. ಮೆದುಳಿನಲ್ಲಿ ಸಿಕ್ಕಿತು ಅಂತ ಹೆಸರಿನಲ್ಲಿ "ಬ್ರೇನ್" ಎಂದು ಸೇರಿಸಿಬಿಟ್ಟರು. ಅದೇ ಬಿಎನ್‌ಪಿ. ಆಮೇಲೆ ನೋಡಿದರೆ ಅದು ಜಾಸ್ತಿ ಬರುವುದೂ ಹೃದಯದಿಂದಲೇ. ಹೃದಯದ ಜೀವಕೋಶ ಮೊದಲು 108 ಕೊಂಡಿಗಳ ಒಂದು ಸರ ಮಾಡುತ್ತದೆ. ಅದು ತುಂಡಾಗುತ್ತದೆ. 32 ಕೊಂಡಿಯ ತುಂಡು ಬಿಎನ್‌ಪಿ, ಅದು ಕೆಲಸ ಮಾಡುತ್ತದೆ, ಇಪ್ಪತ್ತು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಉಳಿದ 76 ಕೊಂಡಿಯ ತುಂಡಿಗೆ ಕೆಲಸ ಇಲ್ಲ, ಆದರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅಳೆಯಲು ಸುಲಭ. ನಮ್ಮ ತೋಟದವರ ರಿಪೋರ್ಟಿನಲ್ಲಿ ಇದ್ದದ್ದು ಅದೇ, ಎನ್‌ಟಿ-ಪ್ರೊಬಿಎನ್‌ಪಿ.

ಶಾಕ್ ಅಥವಾ ಅಬ್ಲೇಷನ್‌ಗೆ ಮೊದಲು ಇದು ಹೆಚ್ಚಿದ್ದವರಲ್ಲಿ ತಾಳ ಮರಳಿ ತಪ್ಪುವ ಸಂಭವ ಹೆಚ್ಚು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಇದೇ ಕಾಣುತ್ತದೆ. ಹಾಗಾದರೆ ಕೆಂಪು ಸುತ್ತು ಹಾಕಿದವರು ಹೇಳಿದ್ದು ಸರಿಯೇ?

ಇಲ್ಲ. ಯಾಕೆ ಎಂದು ಕೇಳಿ. ಮೊದಲನೆಯದಾಗಿ, ಅಲ್ಲಿ ಅಚ್ಚಾಗಿದ್ದ 125 ಎಂಬ ಗಡಿ ಈ ಪ್ರಶ್ನೆಯದ್ದೇ ಅಲ್ಲ. ಉಸಿರುಗಟ್ಟುವವರಿಗೆ ಹಾರ್ಟ್ ಫೇಲ್ಯೂರ್ ಇರಬಹುದಾ ಎಂದು ನೋಡಲು ಇಟ್ಟ ಗಡಿ ಅದು. ತಾಳ ಮರಳಿ ತಪ್ಪುತ್ತದಾ ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಗಡಿ ಇಲ್ಲ. ಇನ್ನು, ನಾನು ಅವರನ್ನು ಕೇಳಿದೆ: ರಕ್ತ ಕೊಟ್ಟ ದಿನ ಎದೆ ಹೊಡೆದುಕೊಳ್ಳುತ್ತಿತ್ತಾ? "ಹೌದು ಸಾರ್, ಎರಡು ದಿನದಿಂದ ಬಿಟ್ಟೇ ಇರ್ಲಿಲ್ಲ." ನಡುಗುತ್ತಿರುವಾಗ ತೆಗೆದ ರಕ್ತದಲ್ಲಿ ಈ ಅಂಕಿ ಏರಿಯೇ ಇರುತ್ತದೆ. ತಾಳ ಸರಿಯಾದ ಮೇಲೆ ದಿನಗಳಲ್ಲಿ ಇಳಿಯುತ್ತದೆ. ಕಟಾವಿನ ದಿನ ಓಡಾಡಿ ಬಂದವರ ನಾಡಿ ಹಿಡಿದು ಇವರಿಗೆ ಯಾವಾಗಲೂ ಇಷ್ಟೇ ವೇಗ ಎಂದು ಹೇಳಿದ ಹಾಗೆ ಆಗುತ್ತದೆ. ವಯಸ್ಸಾದಂತೆ ಇದು ಏರುತ್ತದೆ. ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ಮೂತ್ರಪಿಂಡ ದುರ್ಬಲವಾಗಿದ್ದರೆ ತುಂಬಾ ಜಾಸ್ತಿ. ದಪ್ಪ ಇರುವವರಲ್ಲಿ ಮಾತ್ರ ಕಡಿಮೆ ತೋರಿಸುತ್ತದೆ, ಅವರ ಹೃದಯಕ್ಕೆ ನಿಜವಾಗಿ ಭಾರ ಇದ್ದರೂ. ಒಂದೇ ಅಂಕಿಯ ಹಿಂದೆ ಇಷ್ಟೆಲ್ಲ ಇದೆ. ಎರಡನೇ ಸಲ, ತಾಳ ಸರಿ ಇದ್ದಾಗ ಅವರ ರಕ್ತ ತೆಗೆಸಿದೆ. 310 ಬಂತು. ಮನುಷ್ಯ ಅದೇ, ತಿಂಗಳೂ ಅದೇ.

ಉರಿಯೂತದ ಸೂಚಕಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಿಆರ್‌ಪಿ ನಿಮಗೆಲ್ಲ ಕೋವಿಡ್ ಕಾಲದಲ್ಲಿ ಪರಿಚಯ ಆಗಿರುತ್ತದೆ. 2001ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಮೀನಾ ಚುಂಗ್ ಮತ್ತು ಸಂಗಡಿಗರು, ಏಟ್ರಿಯಲ್ ಫಿಬ್ರಿಲೇಷನ್ ಇರುವವರ ರಕ್ತದಲ್ಲಿ ಇದು ಹೆಚ್ಚಿದೆ ಎಂದು ತೋರಿಸಿದರು. ಚಿಕಿತ್ಸೆಗೆ ಮೊದಲು ಸಿಆರ್‌ಪಿ ಹೆಚ್ಚಿದ್ದರೆ ಮರಳಿ ಬರುವ ಸಂಭವವೂ ಹೆಚ್ಚು ಎಂದು ಆಮೇಲೆ ಹಲವರು ಕಂಡರು. ಆದರೆ ಹಲ್ಲುನೋವು, ಶೀತ, ಮಂಡಿನೋವು ಎಲ್ಲದಕ್ಕೂ ಏರುವ ವಸ್ತು ಇದು. ಜೊತೆಗೆ ಅಬ್ಲೇಷನ್ ಎಂದರೇ ಒಳಗೆ ಗಾಯ. ಮೊದಲ ಕೆಲವು ದಿನ ಸಿಆರ್‌ಪಿ ಏರುವುದು ಸಹಜ. ಆ ದಿನಗಳಲ್ಲಿ ತಾಳ ತಪ್ಪಿದರೆ ಗಾಬರಿ ಬೇಡ. ಮಕ್ಕಳ ಆಟದಲ್ಲಿ ಚಿಕ್ಕವರಿಗೆ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಎನ್ನುತ್ತೇವಲ್ಲ, ಅಂಥದೇ ಒಂದು ಅವಧಿ ಇಲ್ಲೂ ಇದೆ. ಮೊದಲು ಮೂರು ತಿಂಗಳು ಎನ್ನುತ್ತಿದ್ದರು. 2024ರಲ್ಲಿ ಜಗತ್ತಿನ ತಜ್ಞರ ಸಂಘಗಳು ಸೇರಿ ಅದನ್ನು ಎಂಟು ವಾರಕ್ಕೆ ಇಳಿಸಿದವು.

ಉರಿಯೂತ ತಗ್ಗಿಸಿದರೆ ಮರಳಿ ಬರುವುದೂ ತಗ್ಗುತ್ತದಾ? ಗ್ರೀಸಿನವರು 161 ರೋಗಿಗಳಲ್ಲಿ ಕಾಲ್ಚಿಸಿನ್ ಎಂಬ ಔಷಧ ಕೊಟ್ಟು ನೋಡಿದರು. 2012ರಲ್ಲಿ ಪ್ರಕಟವಾಯಿತು. ನಮ್ಮ ಬೇಲಿಯಲ್ಲಿ ಬೆಳೆಯುವ ಗೌರಿ ಹೂವಿನ ಗಡ್ಡೆಯಲ್ಲೂ ಇರುವ ವಸ್ತು ಅದು. ದಯವಿಟ್ಟು ಆ ಗಡ್ಡೆ ತಿನ್ನಬೇಡಿ, ಜೀವಕ್ಕೆ ಅಪಾಯ. ಮೂರು ತಿಂಗಳು ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 16 ಮಂದಿಗೆ ಬೇಗನೆ ಮರಳಿ ಬಂತು, ಉಳಿದವರಲ್ಲಿ 33 ಮಂದಿಗೆ. ಸಿಆರ್‌ಪಿಯೂ ಇಳಿದಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಕೆನಡಾದಲ್ಲಿ ಹತ್ತು ದಿನ ಮಾತ್ರ ಕೊಟ್ಟು ನೋಡಿದಾಗ ಆ ಲಾಭ ಕಾಣಲಿಲ್ಲ, ಹೊಟ್ಟೆ ಕೆಟ್ಟದ್ದು ಮಾತ್ರ ಜಾಸ್ತಿ. ಹಾಗಾಗಿ ನಾನು ಎಲ್ಲರಿಗೂ ಅದನ್ನು ಬರೆಯುವುದಿಲ್ಲ.

ನಾರುಗಟ್ಟುವುದು ಇದಕ್ಕಿಂತ ಗಂಭೀರ. ಮೆತ್ತಗಿನ ಸ್ನಾಯುವಿನ ನಡುವೆ ಗಾಯದ ಕಲೆಯ ಹಾಗೆ ನಾರು ತುಂಬುತ್ತದೆ. ವಿದ್ಯುತ್ ಅಲೆ ಅಲ್ಲಿ ಸುತ್ತಿ ಬಳಸಿ ಹೋಗಬೇಕಾಗುತ್ತದೆ, ಹೋದ ದಾರಿಯಲ್ಲೇ ಮರಳುತ್ತದೆ, ಸುಳಿ ಏಳುತ್ತದೆ. ಇದನ್ನು ರಕ್ತದಲ್ಲಿ ಹಿಡಿಯಲು ಗ್ಯಾಲೆಕ್ಟಿನ್-3, ಕೊಲಾಜೆನ್ ಚೂರುಗಳು ಹೀಗೆ ಹಲವನ್ನು ಅಳೆದಿದ್ದಾರೆ. ಒಂದು ಅಧ್ಯಯನ ಹೌದು ಎಂದರೆ ಇನ್ನೊಂದು ಅಲ್ಲ ಎನ್ನುತ್ತದೆ. ಅದಕ್ಕೆ ಕಾರಣ ಕಷ್ಟದ್ದೇನಲ್ಲ. ಯಕೃತ್ತು, ಶ್ವಾಸಕೋಶ, ಮೂತ್ರಪಿಂಡ, ಎಲ್ಲಿ ನಾರುಗಟ್ಟಿದರೂ ಇವು ರಕ್ತಕ್ಕೆ ಬರುತ್ತವೆ. ಮೇಲ್ಕೋಣೆಯ ದನಿ ಆ ಸಂತೆಯಲ್ಲಿ ಕೇಳಿಸುವುದಿಲ್ಲ.

ಎಂಆರ್‌ಐನಲ್ಲಿ ಮಾತ್ರ ಸ್ವಲ್ಪ ಕಾಣುತ್ತದೆ. ನಾಸಿರ್ ಮರೂಶ್ ಅವರ ತಂಡ 2014ರಲ್ಲಿ 260 ಜನರ ಫಲಿತಾಂಶ ಕೊಟ್ಟಿತು. ನಾರು ತೀರಾ ಕಡಿಮೆ ಇದ್ದವರಲ್ಲಿ ಸುಮಾರು ಒಂದು ವರ್ಷದಲ್ಲಿ ನೂರಕ್ಕೆ 15 ಮಂದಿಗೆ ಮರಳಿ ಬಂದಿತ್ತು. ತೀರಾ ಹೆಚ್ಚಿದ್ದವರಲ್ಲಿ ನೂರಕ್ಕೆ 51. ಇಷ್ಟು ಸ್ಪಷ್ಟವಾದ ಮೆಟ್ಟಿಲು ಬೇರೆಲ್ಲೂ ಕಂಡಿರಲಿಲ್ಲ. ಹಾಗಾದರೆ ಆ ನಾರಿನ ಜಾಗವನ್ನೂ ಸುಟ್ಟುಬಿಡೋಣ ಎಂದು ಎಲ್ಲರಿಗೂ ಅನ್ನಿಸಿತು. 843 ಜನರಲ್ಲಿ ಮಾಡಿ ನೋಡಿದರು. 2022ರಲ್ಲಿ ಉತ್ತರ ಬಂತು. ನಾರು ಸುಟ್ಟವರಲ್ಲಿ ನೂರಕ್ಕೆ 43 ಮಂದಿಗೆ ಮರಳಿ ಬಂತು, ಸುಡದವರಲ್ಲಿ 46 ಮಂದಿಗೆ. ಲೆಕ್ಕಕ್ಕೆ ಬರುವ ವ್ಯತ್ಯಾಸ ಇಲ್ಲ. ಲಕ್ವದಂಥ ತೊಂದರೆ ಮಾತ್ರ ಸುಟ್ಟ ಗುಂಪಿನಲ್ಲೇ ಜಾಸ್ತಿ. ಈ ಎರಡು ಅಧ್ಯಯನಗಳನ್ನು ನಾನು ಯಾವಾಗಲೂ ಜೊತೆಯಾಗಿ ಹೇಳುತ್ತೇನೆ. ಮುಂದಾಗುವುದನ್ನು ತೋರಿಸುವ ಗುರುತು ಸಿಕ್ಕಿದರೆ, ಆ ಗುರುತನ್ನು ಅಳಿಸಿದರೆ ಸಾಕು ಎಂದು ಅನ್ನಿಸುತ್ತದೆ. ಇಲ್ಲಿ ಹಾಗೆ ಆಗಲಿಲ್ಲ.

ಇನ್ನು ನನಗೆ ನಿಜವಾಗಿ ಆಸೆ ಹುಟ್ಟಿಸಿರುವ ಸೂಚಕದ ಮಾತು. ಅದರ ಹೆಸರು ಬಿಎಂಪಿ10.

2007ರಲ್ಲಿ ಐಸ್‌ಲ್ಯಾಂಡಿನವರು ಸಾವಿರಾರು ಜನರ ವಂಶವಾಹಿ ಹುಡುಕಿ, ನಾಲ್ಕನೇ ಕ್ರೋಮೋಸೋಮಿನ ಒಂದು ಜಾಗಕ್ಕೂ ಏಟ್ರಿಯಲ್ ಫಿಬ್ರಿಲೇಷನ್‌ಗೂ ನಂಟಿದೆ ಎಂದರು. ಆ ಜಾಗದ ಪಕ್ಕದಲ್ಲಿರುವ ಜೀನ್ ಪಿಟ್‌ಎಕ್ಸ್2. ಇದು ಬಹಳ ಸೊಗಸಾದ ಜೀನ್. ಗರ್ಭದಲ್ಲಿ ಮಗು ರೂಪುಗೊಳ್ಳುವಾಗ "ಇದು ಎಡ" ಎಂದು ಹೇಳಿಕೊಡುವುದು ಇದೇ. ಹಾಗಾಗಿ ದೊಡ್ಡವರಾದ ಮೇಲೂ ಎಡ ಮೇಲ್ಕೋಣೆಯಲ್ಲಿ ಇದು ಕೆಲಸ ಮಾಡುತ್ತಿರುತ್ತದೆ, ಬಲದಲ್ಲಿ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಇದರ ಒಂದು ಕೆಲಸ, ಬಿಎಂಪಿ10 ಎಂಬ ಪ್ರೋಟೀನ್ ತಯಾರಾಗದಂತೆ ತಡೆಯುವುದು. ಎಡ ಮೇಲ್ಕೋಣೆಯಲ್ಲಿ ಪಿಟ್‌ಎಕ್ಸ್2 ಕುಂದಿದರೆ ತಡೆ ಸಡಿಲವಾಗುತ್ತದೆ, ಬಿಎಂಪಿ10 ರಕ್ತಕ್ಕೆ ಹರಿಯುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ತಂಡವೊಂದು ಅಬ್ಲೇಷನ್‌ಗೆ ಬಂದ 359 ಜನರ ರಕ್ತದಲ್ಲಿ ಇದನ್ನೂ ಬೇರೆ ಹಲವು ಸೂಚಕಗಳನ್ನೂ ಅಳೆಯಿತು. 2020ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಯಾರಿಗೆ ಮರಳಿ ಬರುತ್ತದೆ ಎನ್ನುವುದಕ್ಕೆ ಬಿಎಂಪಿ10 ಮುಂದೆ ನಿಂತಿತು. ನನಗೆ ಇದು ಯಾಕೆ ಮುಖ್ಯ ಅನ್ನಿಸುತ್ತದೆ ಗೊತ್ತಾ? ದೊಡ್ಡವರ ಮೈಯಲ್ಲಿ ಬಿಎಂಪಿ10 ಹೆಚ್ಚುಕಡಿಮೆ ಮೇಲ್ಕೋಣೆಯಿಂದಲೇ ಬರುತ್ತದೆ. ಹಲ್ಲುನೋವಿಗೆ ಏರುವುದಿಲ್ಲ. ಸಂತೆಯ ಗದ್ದಲದಲ್ಲಿ ಮನೆಯವರ ದನಿ ಗುರುತಿಸಿದ ಹಾಗೆ. ಆದರೆ ಇನ್ನೂ ಇದು ಸಂಶೋಧನೆಯ ಹಂತದ ಪರೀಕ್ಷೆ. ನಾಳೆ ಹೋಗಿ ನಿಮ್ಮೂರಿನ ಲ್ಯಾಬಿನಲ್ಲಿ ಕೇಳಬೇಡಿ, ಸಿಗುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಇವೆಲ್ಲ ಎಷ್ಟರ ಮಟ್ಟಿಗೆ ನಿಜ ಹೇಳುತ್ತವೆ? ಇಬ್ಬರು ರೋಗಿಗಳನ್ನು ಎದುರಿಗೆ ಕೂರಿಸಿಕೊಳ್ಳಿ. ಒಬ್ಬರಿಗೆ ಮರಳಿ ಬರುತ್ತದೆ, ಇನ್ನೊಬ್ಬರಿಗೆ ಇಲ್ಲ. ಯಾರಿಗೆ ಎಂದು ಕಣ್ಣುಮುಚ್ಚಿ ಹೇಳಿದರೂ ನೂರಕ್ಕೆ 50 ಸಲ ಸರಿಯಾಗುತ್ತದೆ. ಈಗಿರುವ ಹೆಚ್ಚಿನ ಸೂಚಕಗಳು, ವಯಸ್ಸು, ಕೋಣೆಯ ಅಳತೆ, ಮೂತ್ರಪಿಂಡ ಎಲ್ಲ ಸೇರಿಸಿ ಮಾಡಿದ ಅಂಕಪಟ್ಟಿಗಳು, 60ರಿಂದ 70 ಸಲದ ಆಸುಪಾಸಿನಲ್ಲಿ ನಿಲ್ಲುತ್ತವೆ. ಸಾವಿರ ಜನರ ಗುಂಪಿಗೆ ಅದು ಉಪಯುಕ್ತ. ಒಬ್ಬ ತಂದೆಯ ಚಿಕಿತ್ಸೆ ರದ್ದು ಮಾಡಲು ಅದು ಸಾಲದು. ಇದನ್ನು ನಾನು ಒತ್ತಿ ಹೇಳುತ್ತೇನೆ. ರಕ್ತದ ಒಂದು ಅಂಕಿ ನೋಡಿ ಯಾರಿಗೂ ಚಿಕಿತ್ಸೆಯ ಬಾಗಿಲು ಮುಚ್ಚಬಾರದು.

ನಮ್ಮ ದೇಶದ್ದೇ ಆದ ಒಂದು ಕಷ್ಟವೂ ಇದೆ. ಭಾರತದ ಹೃದಯ ಲಯ ತಜ್ಞರ ಸಂಘ ಸುಮಾರು 1,500 ರೋಗಿಗಳ ದಾಖಲೆ ಇಟ್ಟು 2017ರಲ್ಲಿ ಪ್ರಕಟಿಸಿತು. ಸರಾಸರಿ ವಯಸ್ಸು 55ರ ಹತ್ತಿರ. ಪಶ್ಚಿಮದ ದೇಶಗಳಲ್ಲಿ ಇದು ಮುಖ್ಯವಾಗಿ ಮುದುಕರ ರೋಗ. ನಮ್ಮ ಈ ದಾಖಲೆಯಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟಿತ್ತು. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುನೋವು ಬಂದು, ಸರಿಯಾದ ಚಿಕಿತ್ಸೆ ಸಿಗದೆ, ಮೂವತ್ತರ ಹೊತ್ತಿಗೆ ಕವಾಟ ಬಿಗಿದುಕೊಂಡ ಹೆಣ್ಣುಮಕ್ಕಳನ್ನು ನಮ್ಮ ಆಸ್ಪತ್ರೆಗಳಲ್ಲಿ ಇವತ್ತೂ ನೋಡುತ್ತೇವೆ. ಅವರ ಮೇಲ್ಕೋಣೆಯ ಮಣ್ಣೇ ಬೇರೆ. ನಾನು ಈವರೆಗೆ ಹೇಳಿದ ಅಧ್ಯಯನಗಳಲ್ಲಿ ಅಂಥವರು ಇಲ್ಲವೇ ಇಲ್ಲ ಎನ್ನಬಹುದು. ಬರ್ಮಿಂಗ್‌ಹ್ಯಾಮಿನ ಅಂಕಿಯನ್ನು ಬಳ್ಳಾರಿಯ ತಾಯಿಗೆ ಹಾಗೇ ಹಚ್ಚಲು ಬರುವುದಿಲ್ಲ. ಅವರಿಗಾಗಿ ನಾವೇ ಇಲ್ಲಿ ರಕ್ತ ಕೂಡಿಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿ, ಲೆಕ್ಕ ಇಡಬೇಕು. ಆ ಕೆಲಸ ಆಗಲೇಬೇಕು ಎಂದು ನನಗೆ ಬಹಳ ಅನ್ನಿಸುತ್ತದೆ.

ಹಾಗಾದರೆ ಈ ಸುಳಿವುಗಳನ್ನು ಬಳಸುವುದು ಹೇಗೆ? ಮಣ್ಣು ಪರೀಕ್ಷೆ ಮಾಡಿಸಿದ ರೈತ ಗದ್ದೆ ಮಾರುವುದಿಲ್ಲ. ಏನು ಕಡಿಮೆ, ಏನು ಜಾಸ್ತಿ ನೋಡಿ ಸರಿ ಮಾಡುತ್ತಾನೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ರಾಜೀವ್ ಪಾಠಕ್, ಪ್ರಶಾಂತನ್ ಸ್ಯಾಂಡರ್ಸ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ದಪ್ಪ ಇದ್ದ ರೋಗಿಗಳಲ್ಲಿ, ತೂಕವನ್ನು ನೂರಕ್ಕೆ ಹತ್ತರಷ್ಟು ಇಳಿಸಿ ಹಾಗೇ ಕಾಪಾಡಿಕೊಂಡವರು ತಾಳ ತಪ್ಪದೆ ಉಳಿಯುವ ಸಂಭವ ಆರು ಪಟ್ಟು ಹೆಚ್ಚಾಯಿತು. 2015ರ ಫಲಿತಾಂಶ ಅದು. 2020ರಲ್ಲಿ ಅದೇ ದೇಶದವರು ಮದ್ಯ ಕುಡಿಯುವ 140 ರೋಗಿಗಳನ್ನು ನೋಡಿದರು. ಮದ್ಯ ಬಿಡಲು ಹೇಳಿದ ಗುಂಪಿನಲ್ಲಿ ನೂರಕ್ಕೆ 53 ಮಂದಿಗೆ ಮರಳಿ ಬಂತು, ಎಂದಿನಂತೆ ಕುಡಿದವರಲ್ಲಿ 73. ಯಾವ ರಕ್ತಪರೀಕ್ಷೆಗಿಂತಲೂ ನನಗೆ ಈ ಅಂಕಿಗಳ ಮೇಲೆ ಭರವಸೆ ಜಾಸ್ತಿ.

ತೋಟದವರ ವಿಷಯಕ್ಕೆ ಬರುತ್ತೇನೆ. ಅವರ 310 ಕೂಡ ಹಗುರದ ಅಂಕಿ ಅಲ್ಲ. ಯಾಕೆ ಅಷ್ಟಿದೆ ಎಂದು ಹುಡುಕಿದೆವು. ಮೂತ್ರಪಿಂಡ, ಥೈರಾಯ್ಡ್ ಸರಿ ಇದ್ದವು. ಬಿಪಿ ಮಾತ್ರೆ ಆಗಾಗ ತಪ್ಪಿಸುತ್ತಿದ್ದರು. ಮಗಳು ಹೇಳಿದಳು, ಅಪ್ಪನ ಗೊರಕೆ ಪಕ್ಕದ ಮನೆಗೆ ಕೇಳುತ್ತದೆ, ನಡುವೆ ಉಸಿರೇ ನಿಲ್ಲುತ್ತದೆ ಎಂದು. ನಿದ್ದೆಯ ಪರೀಕ್ಷೆ ಮಾಡಿಸಿದೆವು. ರಾತ್ರಿಯಿಡೀ ಆಮ್ಲಜನಕ ಇಳಿದು ಏರುತ್ತಿತ್ತು. ಅದಕ್ಕೆ ಯಂತ್ರ, ಬಿಪಿಗೆ ಸರಿಯಾದ ಮಾತ್ರೆ, ಆಮೇಲೆ ಅಬ್ಲೇಷನ್. ಐದನೇ ತಿಂಗಳಲ್ಲಿ ಒಂದು ರಾತ್ರಿ ಎರಡು ಗಂಟೆ ತಾಳ ತಪ್ಪಿತು. ಆಮೇಲೆ ಈವರೆಗೆ ಇಲ್ಲ. ಒಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಆ ಕೆಂಪು ಸುತ್ತನ್ನು ನಂಬಿ ಅವರು ವಾಪಸ್ ಹೋಗಿದ್ದರೆ ಗೊರಕೆಯ ಮಾತು ಬರುತ್ತಲೇ ಇರಲಿಲ್ಲ.

ಕೊನೆಗೆ ಕೇಳಿದ ಪ್ರಶ್ನೆಗಳು

ಒಬ್ಬರು ಕೇಳಿದರು: ಚಿಕಿತ್ಸೆ ಆಗಿದೆ, ಬಿಎನ್‌ಪಿಯೂ ಕಡಿಮೆ ಬಂದಿದೆ, ರಕ್ತ ಹೆಪ್ಪುಗಟ್ಟದ ಮಾತ್ರೆ ನಿಲ್ಲಿಸಬಹುದಾ?

ನೀವಾಗಿಯೇ ನಿಲ್ಲಿಸಬೇಡಿ. ಲಕ್ವದ ಅಪಾಯ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಲಕ್ವ ಆಗಿತ್ತಾ, ಇಂಥವುಗಳ ಮೇಲೆ ನಿಂತಿದೆ. ತಾಳ ಸರಿಯಾದ ಮಾತ್ರಕ್ಕೆ ಆ ಅಪಾಯ ಅಳಿಸಿ ಹೋಗುವುದಿಲ್ಲ. ಎಷ್ಟೋ ಸಲ ತಾಳ ತಪ್ಪಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಮಾತ್ರೆ ನಿಲ್ಲಿಸಿ ಲಕ್ವ ಹೊಡೆದು ಬಂದವರನ್ನು ನೋಡಿದ್ದೇನೆ. ನಿಮ್ಮ ವೈದ್ಯರ ಜೊತೆ ಕೂತು ಮಾತಾಡಿಯೇ ತೀರ್ಮಾನ ಮಾಡಿ.

ಇನ್ನೊಬ್ಬರು: ಹಾಗಾದರೆ ಬಿಎನ್‌ಪಿ ಮಾಡಿಸುವುದೇ ಬೇಡವಾ?

ವೈದ್ಯರಿಗೆ ಬೇಕು ಅನ್ನಿಸಿದರೆ ಮಾಡಿಸಿ. ರಕ್ತ ಕೊಟ್ಟ ಹೊತ್ತಿನಲ್ಲಿ ತಾಳ ಸರಿ ಇತ್ತಾ, ತಪ್ಪಿತ್ತಾ ಎಂದು ರಿಪೋರ್ಟಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಲವೂ ಅದೇ ಲ್ಯಾಬಿನಲ್ಲಿ ಕೊಡಿ. ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಅಂಕಿಗಳನ್ನು ಒಂದರ ಜೊತೆ ಒಂದು ಹೋಲಿಸಬೇಡಿ, ಅವು ಬೇರೆ ಬೇರೆ ಅಳತೆ.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಬಹಳ ಹೊತ್ತಿನಿಂದ ಕೈ ಎತ್ತುತ್ತಾ ಇಳಿಸುತ್ತಾ ಇದ್ದರು. "ಇದನ್ನ ಕೇಳ್ಬಾರ್ದೇನೋ. ನಂಗೆ ಎದೆ ಹೊಡ್ಕೊಳ್ಳೋಕೆ ಶುರುವಾದ್ರೆ ಹತ್ತು ನಿಮಿಷಕ್ಕೊಂದ್ಸಲ ಮೂತ್ರಕ್ಕೆ ಹೋಗ್ಬೇಕಾಗುತ್ತೆ. ನೀರಿನ ಹಾಗೆ ಹೋಗುತ್ತೆ. ಭಯಕ್ಕೆ ಅಂತಾರೆ ಮನೇಲಿ."

ಖಂಡಿತ ಕೇಳಬೇಕಾದ ಪ್ರಶ್ನೆ ಅಮ್ಮ. ಅದು ಭಯ ಮಾತ್ರ ಅಲ್ಲ. ಮೇಲಿನ ಕೋಣೆ ಹಿಗ್ಗಿ ನಡುಗುವಾಗ ಆ ಕಾಳುಗಳು ಒಡೆದು ಎಎನ್‌ಪಿ ರಕ್ತಕ್ಕೆ ಸುರಿಯುತ್ತದೆ. ಡಿ ಬೋಲ್ಡ್ ಅವರ ಇಲಿಗಳಿಗೆ ಆದದ್ದೇ ನಿಮಗೂ ಆಗುತ್ತಿದೆ. ಇನ್ನು ಮುಂದೆ ಹಾಗಾದ ದಿನ, ಹೊತ್ತು, ಎಷ್ಟು ಸಲ ಹೋದಿರಿ, ಮೊಮ್ಮಗಳ ಕೈಲಿ ಒಂದು ಪುಸ್ತಕದಲ್ಲಿ ಬರೆಸಿಡಿ. ಸಾಧ್ಯವಾದರೆ ಆಗಲೇ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಸಿಜಿ ತೆಗೆಸಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಪುಸ್ತಕ ಮರೆಯದೆ ತಗೊಂಡು ಹೋಗಿ.